ಬೀದಿಬಾಗಿಲಲ್ಲಿ ತೊಳೆದ ಓಲೆ

ಐವತ್ತರ ದಶಕದಲ್ಲಿ, ಚಿನ್ನದ ಗಣಿಯ ಪಕ್ಕದ ಆಂಡರ್ಸನ್‌ಪೇಟೆಯಲ್ಲಿ ‘ಚಿನ್ನ ತೊಳೆಯೋದು’ ಅಂದರೆ ಗಣಿಯಿಂದ ಕದ್ದು ತಂದ ಅದಿರನ್ನು ನೀರಿನಲ್ಲಿ ಜಾಲಿಸಿ ಚಿನ್ನ ತೆಗೆಯುವುದು ಎಂದೇ ಅರ್ಥ. ಅಪ್ಪ ಗಣಿಗೆ ಇಳಿಯುತ್ತಿದ್ದ. ಹಾಗಾಗಿ ಹಬ್ಬಕ್ಕೆ ಮುಂಚೆ ಅವ್ವ ತನ್ನ ಕಿವಿಯ ಚಿನ್ನದ ಓಲೆ ತೊಳೆಯಲು ಅಂಟುವಾಳದ ಕಾಯಿ ನೆನೆಹಾಕಿದರೆ ಸಾಕು, ಅಪ್ಪನ ಕೆಲಸಕ್ಕೇ ಕುತ್ತು ಬರುತ್ತದೆಂದು ಹೆದರಿ ಅಜ್ಜಿ ಬಾಗಿಲು ಹಾಕಿಬಿಡುತ್ತಿದ್ದಳು.

ಒಂದು ಗೌರಿ ಹಬ್ಬಕ್ಕೆ ಅವ್ವನಿಗೆ ರೇಗಿತು. ತಟ್ಟೆ ತಂದು ಬೀದಿಬಾಗಿಲ ಮೆಟ್ಟಿಲ ಮೇಲೇ ಕುಳಿತಳು. ಓಲೆಯ ಕಲ್ಲುಗಳ ಸಂದಿಯಲ್ಲಿ ಮೆತ್ತಿದ್ದ ಅರಿಶಿನವನ್ನೂ ಎಣ್ಣೆಜಿಡ್ಡನ್ನೂ ಹಳೇ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿದಳು. ತಟ್ಟೆಯ ನೀರು ಬಗ್ಗಡವಾಯಿತು.

ಅಜ್ಜಿ ಒಳಗಿನಿಂದ ಪಿಸುಗುಟ್ಟಿದಳು: “ಒಳೀಕ್ ಬಾರೇ, ಚಿನ್ನ ತೊಳೀತಾವ್ಳೆ ಅಂತಾರೆ!”

“ಅನ್ಲಿ ಬಿಡಿ ಅತ್ತೆ, ಚಿನ್ನಾನೇ ತೊಳೀತಿವ್ನಿ!” ಅವ್ವನ ದನಿ ಬೀದಿಗೆಲ್ಲ ಕೇಳಿಸಿತು. “ನಮ್ಮಪ್ಪ ಬಂಗಾರಪೇಟೇಲಿ ಮಾಡಿಸ್ಕೊಟ್ಟಿದ್ದು. ನಿಮ್ಮ ಮಗ ಲೋಕಕ್ಕೆಲ್ಲ ಚಿನ್ನ ತೆಗ್ದುಕೊಡ್ತಾರೆ, ಅವ್ರ ಎಂಡ್ತಿ ತನ್ನ ಓಲೇನ ಕತ್ಲಲ್ಲಿ ತೊಳೀಬೇಕಾ?”

ಓಲೆಯನ್ನು ಸೆರಗಿನಲ್ಲಿ ಒರೆಸಿ ಕಿವಿಗಿಟ್ಟುಕೊಂಡಳು. ಆಮೇಲೆ ಎದ್ದು, ತಟ್ಟೆಯ ನೀರನ್ನು ಬೀದಿಯ ನಡುವೆಯೇ ಚೆಲ್ಲಿದಳು.

“ಯಾರ್ಗ್ ಅನುಮಾನವೋ ಅವ್ರೇ ಬಂದು ಜಾಲಿಸ್ಕೊಳ್ಲಿ!”