ನಮ್ಮ ಯಜಮಾನರಿಗೂ ಇದೇ ಇಷ್ಟ

ನಮ್ಮದು ಮುಳಬಾಗಿಲಿನಲ್ಲಿ ಎಣ್ಣೆ ಮಿಲ್ಲು. ತಾಯಲೂರು, ಬೈರಕೂರು ಕಡೆಯ ರೈತರು ಕಡಲೆಕಾಯಿ ಮೂಟೆ ತಂದು ಆಡಿಸಿಕೊಂಡು, ಕ್ಯಾನಿನಲ್ಲಿ ಎಣ್ಣೆ, ಚೀಲದಲ್ಲಿ ಹಿಂಡಿ ತೆಗೆದುಕೊಂಡು ಹೋಗುತ್ತಾರೆ. ಮಿಲ್ಲಿನ ಹಿಂದೆಯೇ ಮನೆ. ನಮ್ಮ ಬಟ್ಟೆ, ದಿಂಬು, ಸ್ಕೂಲಿನ ಪುಸ್ತಕ ಎಲ್ಲಕ್ಕೂ ಬಿಸಿ ಕಡಲೆಕಾಯಿಯ ವಾಸನೆ. ಕ್ಲಾಸಿನಲ್ಲಿ ಪಕ್ಕ ಕೂತವಳು ಮೂಗು ಮುಚ್ಚಿಕೊಂಡಳು ಅಂತ ನಾನು ಅಳುತ್ತಾ ಬಂದರೆ, ಅವರ ಮನೆಯಲ್ಲಿ ಯಾವ ಎಣ್ಣೆ ತಿನ್ನುತ್ತಾರೋ ಮೊದಲು ವಿಚಾರಿಸು ಎನ್ನುತ್ತಿದ್ದ ಅಪ್ಪ. ಅವನ ಪಾಲಿಗೆ ಪ್ರಪಂಚದಲ್ಲಿ ಇದ್ದದ್ದು ಎರಡೇ ಜಾತಿ, ಮಿಲ್ಲಿನ ಎಣ್ಣೆ ತಿನ್ನುವವರು ಮತ್ತು ಪ್ಯಾಕೆಟ್ ಎಣ್ಣೆ ತಿನ್ನುವವರು. ಎರಡನೆಯ ಜಾತಿಯವರ ಮದುವೆಗೆ ಹೋದರೆ ಹಪ್ಪಳವನ್ನು ಮೂಸಿ ನೋಡಿ ಎಲೆಯ ತುದಿಗೆ ತಳ್ಳಿಬಿಡುತ್ತಿದ್ದ.

ಅಂಥವನ ಮನೆಗೆ ಟೀವಿಯವರು ಬಂದರು. ಊರೂರು ತಿರುಗಿ, ಹೆಂಗಸರ ಕೈಲಿ ಅಡುಗೆ ಮಾಡಿಸಿ, ಗಂಡ ಹೆಂಡತಿಯನ್ನು ಪಕ್ಕ ಪಕ್ಕ ನಿಲ್ಲಿಸಿ ತಮಾಷೆ ಮಾಡಿ, ಕೊನೆಗೆ ಒಂದು ಸೀರೆ ಕೊಟ್ಟು ಹೋಗುವ ಕಾರ್ಯಕ್ರಮ ಅದು. ಮಾಸ್ತಿ ಕಡೆಯಿಂದ ಮದುವೆಯಾಗಿ ಬಂದ ನಮ್ಮಮ್ಮನಿಗೆ ಅಡುಗೆಮನೆ ಬಿಟ್ಟರೆ ಗೊತ್ತಿದ್ದ ಸುಖ ಅದೊಂದೇ; ಒಂದು ಕಂತೂ ತಪ್ಪಿಸುತ್ತಿರಲಿಲ್ಲ. ಅವಳ ಹೆಸರು ಕಳಿಸಿದ್ದು ಶ್ರೀನಿವಾಸಪುರದ ನಮ್ಮ ಸೋದರತ್ತೆ, ಅಪ್ಪನ ಅಕ್ಕ. ಆಮೇಲೆ ಎಲ್ಲರಿಗಿಂತ ಜಾಸ್ತಿ ನಕ್ಕಿದ್ದೂ ಅವಳೇ.

ಅಪ್ಪ ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಟೀವಿಯಲ್ಲಿ ಮಿಲ್ಲು ಬರುತ್ತದೆ ಎಂಬ ಆಸೆ ಅವನಿಗೆ. ಬೋರ್ಡಿಗೆ ಹೊಸ ಬಣ್ಣ ಹೊಡೆಸಿದ, ಯಂತ್ರ ಒರೆಸಿಸಿದ, ಕೋಲಾರಕ್ಕೆ ಹೋಗಿ ಹೊಸ ಶರ್ಟು ತಂದ. ಇಡೀ ಕರ್ನಾಟಕವೇ ಕ್ಯಾನು ಹಿಡಿದು ನಮ್ಮ ಬಾಗಿಲಿಗೆ ಬರುತ್ತದೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ.

ಬಂದವರು ಬೋರ್ಡಿನ ಕಡೆ ತಲೆ ಎತ್ತಿಯೂ ನೋಡಲಿಲ್ಲ. ನೇರ ಅಡುಗೆಮನೆಗೆ ನುಗ್ಗಿ ಮುಚ್ಚುವ ಕೆಲಸ ಶುರು ಮಾಡಿದರು. ಮಿಕ್ಸಿಯ ಹೆಸರಿನ ಮೇಲೆ ಕಪ್ಪು ಟೇಪು, ಫ್ರಿಜ್ಜಿನ ಹೆಸರಿನ ಮೇಲೆ ಕಪ್ಪು ಟೇಪು. ನಮ್ಮ ಮಿಲ್ಲಿನ ಕ್ಯಾಲೆಂಡರನ್ನು ಗೋಡೆಗೆ ಮುಖ ಮಾಡಿ ತಿರುಗಿಸಿದರು. ಎಣ್ಣೆ ಕ್ಯಾನನ್ನು ಎತ್ತಿಕೊಂಡು ಹೋಗಿ ಹಿತ್ತಲಿನ ಬಚ್ಚಲ ಪಕ್ಕ ಇಟ್ಟರು. ಯಾಕೆ ಎಂದು ಅಪ್ಪ ಕೇಳಿದ. ಕಾರ್ಯಕ್ರಮಕ್ಕೆ ಹಣ ಹಾಕಿರುವುದು ಒಂದು ಎಣ್ಣೆ ಕಂಪನಿ, ಬೇರೆ ಎಣ್ಣೆ ಕಾಣಿಸುವ ಹಾಗಿಲ್ಲ ಎಂದರು. ಅಪ್ಪನ ಮುಖ ಸಣ್ಣಗಾಯಿತು. ಆದರೆ ಅಷ್ಟು ಹೊತ್ತಿಗೆ ಬೀದಿಯ ಜನವೆಲ್ಲ ಕಿಟಕಿಯಲ್ಲಿ ನಿಂತಿತ್ತು, ಹೊಸ ಶರ್ಟೂ ಮೈಮೇಲಿತ್ತು. ಆಯ್ತು ಬಿಡಿ ಎಂದು ನಕ್ಕ.

ಅವರು ತಮ್ಮ ಪ್ಯಾಕೆಟ್ಟುಗಳನ್ನು ಒಲೆಯ ಪಕ್ಕ, ಶೆಲ್ಫಿನಲ್ಲಿ, ಕಿಟಕಿಯಲ್ಲಿ ಜೋಡಿಸಿದರು. ಒಂದನ್ನು ದೇವರ ದೀಪದ ಹತ್ತಿರ ಇಡಲು ಹೋದಾಗ ಮಾತ್ರ ಅಮ್ಮ ಬೇಡ ಎಂದಳು. ಆಮೇಲೆ ತಂಡದ ಒಬ್ಬ ಹುಡುಗಿ ಅಮ್ಮನಿಗೆ ಪ್ಯಾಕೆಟ್ ಹಿಡಿಯುವುದನ್ನು ಕಲಿಸಿದಳು. ಹೆಬ್ಬೆರಳು ಕೆಳಗೆ ಇರಬೇಕು, ಬೆರಳು ಹೆಸರಿನ ಮೇಲೆ ಬರಬಾರದು, ಲೇಬಲ್ಲು ಕ್ಯಾಮೆರಾ ಕಡೆಗೇ ಇರಬೇಕು, ಹಿಡಿದು ನಗಬೇಕು. ಹೇಳಬೇಕಾದ ಮಾತನ್ನೂ ಬಾಯಿಪಾಠ ಮಾಡಿಸಿದಳು: 'ನಮ್ಮ ಮನೆಯಲ್ಲಿ ಮೊದಲಿನಿಂದಲೂ ಇದೇ ಎಣ್ಣೆ. ನಮ್ಮ ಯಜಮಾನರಿಗೂ ಇದೇ ಇಷ್ಟ.'

ಅಮ್ಮ ಹೇಳಲಿಲ್ಲ. ಪ್ಯಾಕೆಟ್ ಹಿಡಿದುಕೊಂಡು ಅಪ್ಪನ ಮುಖ ನೋಡಿದಳು. ನಾನು ಆಗ ಕಾಲೇಜು ಓದುತ್ತಿದ್ದೆ, ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದೆ, ಹಾಗಾಗಿ ಈ ಮಾತನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಅಪ್ಪ ಅಂದ:

'ಹೇಳ್ಬಿಡೇ. ಪಾಪ, ಅವ್ರೂ ಬೆಳಗ್ಗೆಯಿಂದ ಕಾಯ್ತಾವ್ರೆ.'

ಅಮ್ಮ ಹೇಳಿದಳು. ಕ್ಯಾಮೆರಾ ಅಪ್ಪನ ಕಡೆ ತಿರುಗಿತು. ಅವನು ತಲೆ ಆಡಿಸಬೇಕಿತ್ತು, ಆಡಿಸಿದ. ಆ ಹುಡುಗಿ, 'ಅಂಕಲ್, ಕಾಣಿಸ್ಲಿಲ್ಲ, ಇನ್ನೊಂದ್ಸಲ' ಎಂದಳು. ಅಪ್ಪ ಹಲ್ಲು ಕಿರಿದು ಜೋರಾಗಿ ಆಡಿಸಿದ.

ಇಷ್ಟರಲ್ಲಿ ಅಮ್ಮ ಒಂದು ಕಳ್ಳತನ ಮಾಡಿದ್ದಳು. ಅವರು ಲೈಟು ಜೋಡಿಸುವ ಹೊತ್ತಿನಲ್ಲಿ ಬಚ್ಚಲ ಹತ್ತಿರ ಹೋಗಿ ಬಾಣಲೆ ತುಂಬ ನಮ್ಮ ಎಣ್ಣೆಯನ್ನೇ ಬಗ್ಗಿಸಿಕೊಂಡು ಬಂದು ಒಲೆಯ ಮೇಲೆ ಇಟ್ಟಿದ್ದಳು. ಬಾಣಲೆಯಲ್ಲಿ ಏನಿದೆ ಎಂದು ಅವರು ಯಾರೂ ಕೇಳಲಿಲ್ಲ. ನಿರೂಪಕಿ ನಿಪ್ಪಟ್ಟು ಕಚ್ಚಿ, ಕಣ್ಣು ಮುಚ್ಚಿ, ಎಣ್ಣೆ ಚೆನ್ನಾಗಿದ್ದರೆ ರುಚಿ ತಾನಾಗೇ ಬರುತ್ತದೆ ಎಂದು ಹೊಗಳಿದಳು. ಅಮ್ಮ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು. ಅವಳು ಅಷ್ಟು ಖುಷಿಯಾಗಿದ್ದುದನ್ನು ನಾನು ಆಮೇಲೆ ನೋಡಲಿಲ್ಲ.

ಕಾರ್ಯಕ್ರಮ ಟೀವಿಯಲ್ಲಿ ಬಂದ ದಿನ ಬೀದಿಯವರೆಲ್ಲ ನಮ್ಮ ಹಾಲಿನಲ್ಲೇ ಕೂತಿದ್ದರು. ಬೋರ್ಡು ಬರಲಿಲ್ಲ, ಯಂತ್ರ ಬರಲಿಲ್ಲ. ಅಪ್ಪನನ್ನು 'ಸಣ್ಣ ವ್ಯಾಪಾರಸ್ಥರು' ಎಂದು ಪರಿಚಯಿಸಿದರು. ಪ್ಯಾಕೆಟ್ ಮಾತ್ರ ನಮ್ಮಮ್ಮನಿಗಿಂತ ದೊಡ್ಡದಾಗಿ ಕಾಣಿಸಿತು. ಅವಳು ಆ ಮಾತು ಹೇಳಿದ ತಕ್ಷಣ ಹಾಲಿನಲ್ಲಿ ಒಬ್ಬರು ಕಿಸಕ್ಕೆಂದರು. ನೆಂಟರ ಪೈಕಿ ಹುಡುಗನೊಬ್ಬ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ. ಬೆಳಗಾಗುವುದರೊಳಗೆ ಅದು ಮುಳಬಾಗಿಲಿನ ಎಲ್ಲ ಫೋನುಗಳಲ್ಲೂ ಇತ್ತು.

ಮಾರನೆಯ ದಿನ ಮಿಲ್ಲಿಗೆ ಮೊದಲು ಬಂದವನು ಆಂಧ್ರ ಗಡಿಯ ಕಡೆಯ ಒಬ್ಬ ಮುದುಕ, ಹಳೇ ಗಿರಾಕಿ. ಮೂಟೆಯನ್ನು ಕೆಳಗಿಳಿಸದೆಯೇ ತೆಲುಗಿನಲ್ಲಿ, 'ಮಾಕೂ ಆ ಪ್ಯಾಕೆಟ್ ನೂನೇ ಈಯಪ್ಪಾ' ಎಂದ, ನಮಗೂ ಅದೇ ಪ್ಯಾಕೆಟ್ ಎಣ್ಣೆ ಕೊಡಪ್ಪ ಅಂತ. ಹಮಾಲಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ಶ್ರೀನಿವಾಸಪುರದಿಂದ ಫೋನು ಮಾಡಿ, ತಮ್ಮಾ, ನಿನಗೆ ಯಾವುದು ಇಷ್ಟ ಅಂತ ನನಗೆ ಇಷ್ಟು ದಿನ ಗೊತ್ತೇ ಇರಲಿಲ್ಲವಲ್ಲ ಎಂದಳು.

ಗಿರಾಕಿಗಳು ಒಂದಷ್ಟು ದಿನ ನಕ್ಕು ಸುಮ್ಮನಾದರು. ಒಬ್ಬನೂ ಬೇರೆ ಮಿಲ್ಲಿಗೆ ಹೋಗಲಿಲ್ಲ. ಎಣ್ಣೆ ಚೆನ್ನಾಗಿತ್ತು, ಬಂದರು. ಅಪ್ಪನ ವ್ಯಾಪಾರಕ್ಕೆ ಒಂದು ತೊಟ್ಟಿನಷ್ಟೂ ನಷ್ಟವಾಗಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಅವನು ಮುಂದೆ ಮಾಡಿದ್ದಕ್ಕೆ ವ್ಯಾಪಾರದ ನೆಪವೂ ಇಲ್ಲ.

ಕಾರ್ಯಕ್ರಮ ಟೀವಿಯಲ್ಲಿ ಬಂದ ವಾರವೇ ಅವನು ಅಂಗಡಿಯಿಂದ ಆ ಕಂಪನಿಯ ಎಣ್ಣೆಯ ಒಂದು ಪೆಟ್ಟಿಗೆ ತಂದು ಅಡುಗೆಮನೆಯ ಶೆಲ್ಫಿನಲ್ಲಿ ಜೋಡಿಸಿದ, ಲೇಬಲ್ಲು ಈಚೆಗೆ. ನಮ್ಮ ಕ್ಯಾನನ್ನು ಮಿಲ್ಲಿಗೆ ಸಾಗಿಸಿ ಬೀಗ ಹಾಕಿದ. ಅಮ್ಮ ಏನ್ರೀ ಇದು ಎಂದಳು.

'ಟೀವಿಲಿ ಹೇಳಿದ್ದೀಯಲ್ಲ. ನನ್ನ ಹೆಂಡ್ತಿ ಸುಳ್ಳು ಹೇಳೋಳಲ್ಲ.'

ನಿಪ್ಪಟ್ಟು ಕರಿದದ್ದು ನಮ್ಮ ಎಣ್ಣೆಯಲ್ಲೇ, ಪ್ಯಾಕೆಟ್ಟನ್ನು ಸುಮ್ಮನೆ ಹಿಡಿದುಕೊಂಡಿದ್ದೆ ಅಷ್ಟೇ ಎಂದು ಅಮ್ಮ ಕಣ್ಣಲ್ಲಿ ನೀರು ತಂದುಕೊಂಡು ಹೇಳಿದಳು. ಅದು ಯಾರಿಗೆ ಕಾಣಿಸಿತು ಎಂದ ಅವನು. ಆ ಟೀವಿಯವರನ್ನೇ ಕರೆಸಿ ಹೇಳಿದ್ದೆಲ್ಲ ಸುಳ್ಳು ಅಂತ ಹೇಳು, ಅವತ್ತೇ ನಮ್ಮ ಎಣ್ಣೆ ಮನೆಗೆ ಬರುತ್ತದೆ ಎಂದೂ ಸೇರಿಸಿದ. ಅಮ್ಮ ಅದನ್ನು ನಿಜವೆಂದೇ ನಂಬಿ ನನ್ನ ಕೈಲಿ ಫೋನು ಮಾಡಿಸಿದಳು. ಅಮ್ಮನಿಗೆ ಮಾತು ಕಲಿಸಿದ್ದ ಹುಡುಗಿ ಕೆಲಸ ಬಿಟ್ಟು ಹೋಗಿದ್ದಳು, ಕಾರ್ಯಕ್ರಮವೂ ಮುಗಿದುಹೋಗಿತ್ತು.

ಹೀಗೆ ಎಣ್ಣೆ ಮಿಲ್ಲಿನ ಯಜಮಾನನ ಹೆಂಡತಿ ಪ್ಯಾಕೆಟ್ ಕತ್ತರಿಸಿ ಒಗ್ಗರಣೆ ಹಾಕತೊಡಗಿದಳು. ಮಿಲ್ಲಿನ ವಾಸನೆ ಕಿಟಕಿಯಿಂದ ಒಳಗೆ ಬರುತ್ತಿತ್ತು, ತಟ್ಟೆಯಲ್ಲಿ ಇರುತ್ತಿರಲಿಲ್ಲ. ಅಪ್ಪ ಮನೆಯಲ್ಲಿ ಮಾತಾಡದೆ ಉಂಡು ಏಳುತ್ತಿದ್ದ. ಇವನಿಗೂ ಕಷ್ಟವೇ ಇರಬೇಕು ಎಂದು ನಾನು ಮೊದಮೊದಲು ಅಂದುಕೊಂಡಿದ್ದೆ. ಒಂದು ದಿನ ಮಿಲ್ಲಿಗೆ ಹೋದರೆ ಗಲ್ಲಾಪೆಟ್ಟಿಗೆಯ ಹಿಂದೆ ತಟ್ಟೆ ಇಟ್ಟುಕೊಂಡು ಕೂತಿದ್ದ. ಚಟ್ನಿಪುಡಿಗೆ ಗುಳಿ ಮಾಡಿ ಹಸಿ ಕಡಲೆಕಾಯಿ ಎಣ್ಣೆ ಬಿಟ್ಟುಕೊಂಡು ದೋಸೆ ಅದ್ದಿ ತಿನ್ನುತ್ತಿದ್ದ. ನನ್ನನ್ನು ನೋಡಿ ಬಾಟಲಿಯನ್ನು ಕಾಲಿನಿಂದ ಒಳಗೆ ತಳ್ಳಿದ. ನನಗೆ ಅವನ ಮೇಲೆ ಅಸಹ್ಯ ಹುಟ್ಟಿದ್ದು ಆವತ್ತು.

ನೆಂಟರು ಬಂದರೆ ಇನ್ನೊಂದು ಆಟ. ಊಟ ಮುಗಿಯುವ ಹೊತ್ತಿಗೆ ಅಪ್ಪ ಅಮ್ಮನನ್ನು ಕರೆದು, ಹೇಗೆ ಹಿಡಿದಿದ್ದೆ ತೋರಿಸು ಎನ್ನುತ್ತಿದ್ದ. ಅಮ್ಮ ಪ್ಯಾಕೆಟ್ ತಂದು, ಹೆಬ್ಬೆರಳು ಕೆಳಗೆ ಇಟ್ಟು, ಲೇಬಲ್ಲನ್ನು ನೆಂಟರ ಕಡೆ ತಿರುಗಿಸಿ, ಕಲಿಸಿದ ಹಾಗೇ ನಗುತ್ತಾ ಆ ಮಾತು ಹೇಳಬೇಕು. ಹೇಳುತ್ತಿದ್ದಳು. ಅತ್ತೆಯಂತೂ ಹೊಸಬರನ್ನು ಬೇಕೆಂದೇ ಕರೆದುಕೊಂಡು ಬರುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಅಪ್ಪ ತಲೆ ಆಡಿಸಿದ್ದನ್ನು ಮಾತ್ರ ಆ ಮನೆಯಲ್ಲಿ ಯಾರೂ ನೆನಪಿಸಿಕೊಳ್ಳಲಿಲ್ಲ.

ನಾನು ಒಮ್ಮೆ ನೆನಪಿಸಿದೆ. ಫೋನಿನಲ್ಲಿ ಆ ಭಾಗವನ್ನೇ ಹಾಕಿ ಅವನ ಮುಖಕ್ಕೆ ಹಿಡಿದೆ. ನೀನೂ ತಲೆ ಆಡಿಸಿದ್ದೀಯಲ್ಲಪ್ಪ, ಹೇಳು ಅಂದವನೂ ನೀನೇ ಎಂದೆ. ಅಪ್ಪ ಅದನ್ನು ಪೂರ್ತಿ ನೋಡಿದ.

'ನಾನು ಮಾತಾಡಿದ್ನಾ? ಬಾಯಿ ಬಿಟ್ಟೋಳು ಯಾರು?' ಎಂದು ಎದ್ದು ಹೋದ.

ನನ್ನ ಮದುವೆ ಗೊತ್ತಾದಾಗ ಅಮ್ಮ ಕೊನೆಯ ಸಲ ಕೇಳಿದಳು. ಮಗಳ ಜೊತೆ ಕಳಿಸುವ ಕಜ್ಜಾಯಕ್ಕಾದರೂ ಒಂದು ಟಿನ್ನು ನಮ್ಮ ಎಣ್ಣೆ ಕೊಡಿ, ಆಮೇಲೆ ಜನ್ಮದಲ್ಲಿ ಕೇಳುವುದಿಲ್ಲ ಎಂದಳು. ಅಪ್ಪ ಆಯ್ತು ಎಂದ. ಮಾರನೆಯ ದಿನ ಹಮಾಲಿ ತಂದು ಇಳಿಸಿದ್ದು ಪ್ಯಾಕೆಟ್ಟಿನ ಪೆಟ್ಟಿಗೆಗಳನ್ನು. ಅಮ್ಮ ಅವುಗಳ ಮುಂದೆ ಕೂತು, ಕತ್ತರಿ ತೆಗೆದುಕೊಂಡಳು. ಕೋಲಾರದ ಗಂಡನ ಮನೆಯಲ್ಲಿ ನನ್ನ ಅತ್ತೆ ಕಜ್ಜಾಯ ಮುರಿದು ಮೂಸಿ, ಎಣ್ಣೆ ಮಿಲ್ಲಿನವರ ಮನೆಯದಂತೆ, ವಾಸನೆಯೇ ಇಲ್ಲವಲ್ಲ ಎಂದರು. ಆ ಮಾತನ್ನು ನಾನು ಅಮ್ಮನಿಗೆ ಹೇಳಲಿಲ್ಲ. ಅಮ್ಮ ಮಾತು ಉಳಿಸಿಕೊಂಡಳು, ಮತ್ತೆ ಎಣ್ಣೆ ಕೇಳಲಿಲ್ಲ.

ಹೋದ ವರ್ಷ ಮಾವಿನ ಕಾಲದಲ್ಲಿ ಅಪ್ಪ ಮಿಲ್ಲಿನ ಕುರ್ಚಿಯಿಂದ ಜಾರಿ ಬಿದ್ದ. ಲಕ್ವ. ಕೋಲಾರದ ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಬಲಗಡೆಯ ಸ್ವಾಧೀನ ಹೋಯಿತು, ಮಾತು ನಿಂತಿತು. ಬುದ್ಧಿ ಸರಿಯಾಗಿದೆ, ಕೇಳಿದ್ದು ಅರ್ಥವಾಗುತ್ತದೆ, ಬೇಕು ಬೇಡ ಅಂತ ತಲೆ ಆಡಿಸುತ್ತಾರೆ ಎಂದರು ಡಾಕ್ಟರು. ದಿನಾ ಬೆಳಗ್ಗೆ ಎಣ್ಣೆ ಹಚ್ಚಿ ಕೈಕಾಲು ತಿಕ್ಕಬೇಕು, ಯಾವ ಎಣ್ಣೆಯಾದರೂ ನಡೆಯುತ್ತದೆ ಎಂದೂ ಹೇಳಿ ಕಳಿಸಿದರು. ನೋಡಿಕೊಳ್ಳಲು ನಾನೂ ತವರಿಗೆ ಬಂದೆ.

ಮಿಲ್ಲು ಈಗ ನನ್ನ ತಮ್ಮನ ಕೈಗೆ ಬಂದಿತ್ತು. ಅವನು ಮಾಡಿದ ಮೊದಲ ಕೆಲಸ, ಆಗಷ್ಟೇ ಆಡಿಸಿದ ಎಣ್ಣೆಯನ್ನು ಒಂದು ಕ್ಯಾನು ತುಂಬಿ ಅಮ್ಮನ ಮುಂದೆ ತಂದಿಟ್ಟದ್ದು. ಅಮ್ಮ ಮುಚ್ಚಳ ತೆಗೆದು, ಬಗ್ಗಿ ಮೂಸಿದಳು. ಆಮೇಲೆ ಬಾಣಲೆಗೆ ಎಣ್ಣೆ ಬಿಟ್ಟು, ಸಾಸಿವೆ, ಕರಿಬೇವು ಹಾಕಿ ಚಿತ್ರಾನ್ನಕ್ಕೆ ಒಗ್ಗರಣೆ ಕೊಟ್ಟಳು. ಎಷ್ಟೋ ವರ್ಷದ ಮೇಲೆ ಆ ಮನೆಗೆ ತನ್ನ ವಾಸನೆ ವಾಪಸು ಬಂತು. ಒಳಗಿನ ಕೋಣೆಯಲ್ಲಿ ಮಲಗಿದ್ದ ಅಪ್ಪನ ಮೂಗು ಅರಳಿತು, ಕಣ್ಣು ಬಾಗಿಲಿಗೆ ನೆಟ್ಟಿತು. ಎಲ್ಲ ಮುಗಿಯಿತು, ಇನ್ನು ಇವರು ಸರಿಹೋಗುತ್ತಾರೆ ಎಂದು ನಾನು ದಡ್ಡಿಯ ಹಾಗೆ ಅಂದುಕೊಂಡೆ.

ಅಮ್ಮ ನನಗೆ, ತಮ್ಮನಿಗೆ, ತನಗೆ ಚಿತ್ರಾನ್ನ ಬಡಿಸಿದಳು. ಅಪ್ಪನಿಗೆ ಬೇರೆ ಪಾತ್ರೆಯಲ್ಲಿ, ಪ್ಯಾಕೆಟ್ ಎಣ್ಣೆಯ ಒಗ್ಗರಣೆ ಹಾಕಿದ ಮೆತ್ತನೆಯ ಅನ್ನ.

ಮಾರನೆಯ ದಿನ ಬೆಳಗ್ಗೆ ಮೈಗೆ ಹಚ್ಚಲು ಹೋದಾಗಲೂ ಅವಳ ಕೈಯಲ್ಲಿ ಪ್ಯಾಕೆಟ್ಟೇ ಇತ್ತು. ಮಂಚದ ಪಕ್ಕ ನಿಂತು, ಹೆಬ್ಬೆರಳು ಕೆಳಗೆ ಇಟ್ಟು, ಲೇಬಲ್ಲನ್ನು ಅಪ್ಪನ ಕಡೆ ತಿರುಗಿಸಿದಳು. ನಕ್ಕಳು. ಟೀವಿಯಲ್ಲಿ ಹೇಳಿದ್ದ ಆ ಶುದ್ಧ ಕನ್ನಡದಲ್ಲೇ, ನಮ್ಮ ಮನೆಯಲ್ಲಿ ಮೊದಲಿನಿಂದಲೂ ಇದೇ ಎಣ್ಣೆ, ನಮ್ಮ ಯಜಮಾನರಿಗೂ ಇದೇ ಇಷ್ಟ ಎಂದು ಹೇಳಿ ಕಾದಳು. ಅಪ್ಪ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಬೇಡವಾದರೆ ಬೇಡ ಬಿಡಿ ಎಂದು ಅವಳು ಹೊರಗೆ ಬಂದಳು. ಆವತ್ತು ಕೈಕಾಲು ತಿಕ್ಕಲಿಲ್ಲ. ತಮ್ಮ ಕ್ಯಾನಿನಿಂದ ಎಣ್ಣೆ ಬಗ್ಗಿಸಿಕೊಂಡು ತಾನೇ ಹೋಗಲು ನೋಡಿದ. ಅಮ್ಮ ಬಟ್ಟಲನ್ನು ಅವನ ಕೈಯಿಂದ ಕಿತ್ತುಕೊಂಡಳು. ಅವನು ನನ್ನ ಮುಖ ನೋಡಿದ. ನಾನು ಅಮ್ಮನ ಕಡೆಯೇ ನಿಂತೆ.

ಅದರ ಮಾರನೆಯ ಬೆಳಗ್ಗೆ ಅಪ್ಪನ ಕಾಲು ಸೆಟೆದುಕೊಂಡಿತ್ತು, ಗಂಟಲಿನಿಂದ ನರಳಾಟ ಬರುತ್ತಿತ್ತು. ಅಮ್ಮ ಮತ್ತೆ ಹೋಗಿ ನಿಂತಳು. ಲೇಬಲ್ಲು ತಿರುಗಿಸಿದಳು, ನಕ್ಕಳು, ಹೇಳಿದಳು. ಅಪ್ಪ ನನ್ನ ಕಡೆ ನೋಡಿದ. ಅವನ ಎಡಗಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಅವನು ತಲೆ ಆಡಿಸಿದ್ದು ಕಿಟಕಿಯ ಪಕ್ಕ ತೂಗುಹಾಕಿದ್ದ ಕನ್ನಡಿಯಲ್ಲಿ ಕಾಣಿಸಿತು.

'ಕಾಣಿಸ್ಲಿಲ್ಲ, ಇನ್ನೊಂದ್ಸಲ,' ಎಂದಳು ಅಮ್ಮ.

ಅಪ್ಪ ಕತ್ತು ಎತ್ತಿ ಜೋರಾಗಿ ಆಡಿಸಿದ.

ಅಮ್ಮ ಕತ್ತರಿಯಿಂದ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ, ಅಂಗೈಗೆ ಸುರಿದುಕೊಂಡು, ಅವನ ಪಾದ ತಿಕ್ಕಲು ಶುರು ಮಾಡಿದಳು. ಚೆನ್ನಾಗಿಯೇ ತಿಕ್ಕಿದಳು, ಅದರಲ್ಲಿ ಕೊರತೆ ಮಾಡಲಿಲ್ಲ. ತಿಕ್ಕುತ್ತಲೇ ನನ್ನನ್ನು ನೋಡಿ ಹೇಳಿದಳು:

'ನಿಮ್ಮಪ್ಪ ಸುಳ್ಳು ಹೇಳೋರಲ್ಲ ಕಣೇ.'

ನಾನು ಅಡುಗೆಮನೆಗೆ ಹೋಗಿ ತಟ್ಟೆಗೆ ದೋಸೆ ಹಾಕಿಕೊಂಡೆ. ಚಟ್ನಿಪುಡಿಗೆ ಗುಳಿ ಮಾಡಿ, ಕ್ಯಾನಿನಿಂದ ನಮ್ಮ ಮಿಲ್ಲಿನ ಎಣ್ಣೆ ಬಿಟ್ಟುಕೊಂಡು, ಅಲ್ಲೇ ನಿಂತು ತಿಂದೆ. ಒಳಗಿನಿಂದ ನರಳಾಟ ಕೇಳಿಸುತ್ತಲೇ ಇತ್ತು. ತುಂಬ ದಿನದ ಮೇಲೆ ತವರಿನ ತಿಂಡಿ ರುಚಿಯಾಗಿತ್ತು.