ಎಂಟರ್ ಒತ್ತುವ ಮೊದಲು

ಚಾಚಾ ಅವರ ಎರಡೂ ಹೆಬ್ಬೆರಳ ಉಗುರುಗಳು ದಪ್ಪಗಾಗಿ, ಹಳದಿಗಟ್ಟಿ, ತುದಿ ಮೊಂಡಾಗಿದ್ದವು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದಷ್ಟೂ ವರ್ಷ ತಂತಿಯ ಸಿಪ್ಪೆಯನ್ನು ಉಗುರಿನಿಂದಲೇ ಸುಲಿದದ್ದರ ಗುರುತು ಅದು. ಆ ಕೈಗಳು ಕೀಬೋರ್ಡಿನ ಮೇಲೆ ನಿಧಾನವಾಗಿ ಓಡಾಡುತ್ತಿದ್ದವು. ಸಾಲು ಮುಗಿದ ಕೂಡಲೇ ಎರಡೂ ಮೇಲೆದ್ದು ಬಂದು ತೊಡೆಯ ಮೇಲೆ ಕೂರುತ್ತಿದ್ದವು, ಶಾಲೆಯ ಫೋಟೋಕ್ಕೆ ಕೂತ ಮಕ್ಕಳ ಹಾಗೆ. ಆಮೇಲೆ ಅವರು ತೆರೆಯ ಮೇಲಿನ ಆ ಇಂಗ್ಲಿಷ್ ಸಾಲನ್ನು ಕನ್ನಡದಲ್ಲಿ ಬಾಯಿಬಿಟ್ಟು ಓದುವರು. "ದಾನಿಗಳ ಪಟ್ಟಿಯೊಳಗ, ಇಂಥಾ ನಂಬರ್ ಇದ್ದಾಂವಂದು, ಊರು ಬದಲ್ ಮಾಡು." ಓದಿದ್ದು ತಮಗೆ ಒಪ್ಪಿಗೆಯಾದರೆ ಬಲಗೈಯ ಒಂದೇ ಬೆರಳು ಹೋಗಿ ಎಂಟರ್ ಒತ್ತಿ ಬರುತ್ತಿತ್ತು.

ಮೊದಮೊದಲು ನನಗೆ ಇದನ್ನು ನೋಡಿ ನಗು ಬರುತ್ತಿತ್ತು. ಆಮೇಲೆ ಸಿಟ್ಟು ಬರತೊಡಗಿತು. ನನ್ನದು ಹುಟ್ಟಿನಿಂದಲೇ ಅವಸರದ ಜೀವ. ಕಲಬುರಗಿಯ ಖೂಬಾ ಪ್ಲಾಟಿನ ನಮ್ಮ ಮನೆಯಲ್ಲಿ ರೊಟ್ಟಿ ಹೆಂಚಿಗೆ ಬೀಳುವ ಮೊದಲೇ ತಾಟು ಹಿಡಿದು ನಿಲ್ಲುತ್ತಿದ್ದವಳು ನಾನು. ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿದ್ದ ಒಂದು ಟ್ರಸ್ಟಿನ ಬ್ಲಡ್ ಬ್ಯಾಂಕಿಗೆ ಕಂಪ್ಯೂಟರ್ ಕೆಲಸಕ್ಕೆ ಸೇರಿದಾಗ, ಅಲ್ಲಿಯ ವೆಬ್‌ಸೈಟು, ಸರ್ವರು, ದಾನಿಗಳ ಡೇಟಾಬೇಸು ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವರು ನಿವೃತ್ತರಾದ ಈ ಚಾಚಾ. ನನ್ನನ್ನು ಅವರ ಕೈಕೆಳಗೆ ಹಾಕಿದರು. ಯಾವ ಗುಂಪಿನ ರಕ್ತ ಬೇಕೆಂದು ಆಸ್ಪತ್ರೆಯವರು ಕೇಳುತ್ತಾರೋ ಆ ಗುಂಪಿನ ದಾನಿಗಳ ಹೆಸರು, ಫೋನ್ ನಂಬರು ಆ ಪಟ್ಟಿಯಿಂದ ಹೊರಬರಬೇಕು. ನಮ್ಮ ಕೆಲಸವೆಲ್ಲ ಅಷ್ಟೇ.

ಬುಧವಾರವೊಂದು ಬಿಟ್ಟು ಚಾಚಾ ದಿನವೂ ಕಮಲಾಪುರದಿಂದ ಬಸ್ಸಿಗೆ ಬರುತ್ತಿದ್ದರು. ಚೀಲದಲ್ಲಿ ಒಂದು ಬಟನ್ ಫೋನು, ಊಟದ ಡಬ್ಬಿ, ಕಾಲ ಬಂದರೆ ನಮಗೆಲ್ಲ ಅವರ ಊರಿನ ಕೆಂಪು ಬಾಳೆಹಣ್ಣು. ಬೆಳಿಗ್ಗೆ ಚಹಾದ ಜೊತೆ ಸರ್ವರಿನ ಲಾಗ್, ಅಂದರೆ ಅದರ ದಿನಚರಿ, ಓದುವರು, ಬೇರೆಯವರು ಪೇಪರ್ ಓದಿದಂತೆ, ಕನ್ನಡಕ ಏರಿಸಿಕೊಂಡು, ನಡುನಡುವೆ ಲೊಚಗುಟ್ಟುತ್ತ. ಶುಕ್ರವಾರ ಸರ್ವರಿನಲ್ಲಿ ಏನನ್ನೂ ಬದಲಾಯಿಸಲು ಬಿಡುತ್ತಿರಲಿಲ್ಲ. ನಮಾಜಿನ ದಿನ ಅಂತ ಹಾಗೆ ಮಾಡುತ್ತಾರೇನೋ ಎಂದುಕೊಂಡಿದ್ದೆ. ಒಮ್ಮೆ ಕೇಳಿಯೂ ಬಿಟ್ಟೆ.

"ನಮಾಜಿಗೂ ಅದಕ್ಕೂ ಏನ್ ಸಂಬಂಧ ಬೇಟಾ," ಎಂದರು. "ಶುಕ್ರವಾರ ಮುರದದ್ದು ಸೋಮವಾರ ತನಕ ಮುರದ ಬಿದ್ದಿರ್ತದ. ಐತವಾರ ನೀ ಸಿಗ್ತೀಯೇನು?"

ಅವರು ಕಲಿಸಿದ್ದೆಲ್ಲ ಹೀಗೆ ಮಾತಿನ ನಡುವೆ ಬಂದದ್ದೇ. "ಮೊದಲು ಕೇಳು, ಆಮ್ಯಾಲ ಹೇಳು" ಎನ್ನುವರು. ಅಂದರೆ, ಏನನ್ನಾದರೂ ಬದಲಾಯಿಸುವ ಮೊದಲು ಅದೇ ಷರತ್ತು ಹಾಕಿ ಎಷ್ಟು ಸಾಲು ಸಿಗುತ್ತವೆ ಎಂದು ಡೇಟಾಬೇಸನ್ನು ಕೇಳಬೇಕು. ಒಂದು ಸಾಲು ಸಿಗಬೇಕಾದಲ್ಲಿ ನೂರು ಸಿಕ್ಕರೆ ಅಲ್ಲಿಗೇ ನಿಲ್ಲಬೇಕು. ಇನ್ನೊಂದು: "ಬಿಗಿನ್ ಅಂತ ಬರದು ಬಾಗಲಾ ತಗದಿಟ್ಟು ಒಳಗ ಹೋಗು. ಕಮಿಟ್ ಅನ್ನೂತನಕ ಎಲ್ಲಾ ಹಿಂದ ಬರ್ತದ. ಆದ್ರ ಬಾಗಲದಾಗ ನಿಂತಕೊಂಡು ಬಿಡಬ್ಯಾಡ, ಹಿಂದಿನವ್ರು ಕಾಯ್ತಿರ್ತಾರ." ಅಂದರೆ, ಬಿಗಿನ್ ಎಂದು ಮಾಡಿದ ಬದಲಾವಣೆ ಕಮಿಟ್ ಎಂದ ಮೇಲೆಯೇ ಪಕ್ಕಾ ಆಗುವುದು, ಅಲ್ಲಿಯವರೆಗೆ ಬೇರೆಯವರು ಆ ಪಟ್ಟಿಯಲ್ಲಿ ಏನನ್ನೂ ಉಳಿಸಲಾರರು.

ಪ್ರತಿ ಶನಿವಾರ ಇಡೀ ಡೇಟಾಬೇಸಿನ ಒಂದು ನಕಲನ್ನು ಡಿಸ್ಕಿಗೆ ಹಾಕಿ, ಟವೆಲಿನಲ್ಲಿ ಸುತ್ತಿ, ಕಮಲಾಪುರದಲ್ಲಿದ್ದ ನಮ್ಮ ಟ್ರಸ್ಟಿನ ಸಣ್ಣ ಕೇಂದ್ರಕ್ಕೆ ಒಯ್ಯುತ್ತಿದ್ದರು. ಅಲ್ಲಿ ಒಂದು ಮುದಿ ಕಂಪ್ಯೂಟರ್ ಇತ್ತು. ಅದರಲ್ಲಿ ನಕಲನ್ನು ತುಂಬಿ, ಹತ್ತಾರು ಹೆಸರು ತೆಗೆದು ನೋಡಿ, ಸರಿ ಇದೆ ಎಂದಾದ ಮೇಲೆಯೇ ಮನೆಗೆ ಹೋಗುವರು. ಸರ್ವರು ದಿನವೂ ತಾನಾಗಿಯೇ ಬ್ಯಾಕಪ್ ತೆಗೆದುಕೊಳ್ಳುವಾಗ ಈ ಬಸ್ಸಿನ ಉಸಾಬರಿ ಯಾಕೆ ಎಂದು ನಾನು ಕೇಳಿದ್ದೆ. "ಬಾಯಿಗೆ ಹಾಕ್ಕೊಂಡು ನೋಡೂತನಕ ಭರಣಿಯೊಳಗ ಉಪ್ಪಿನಕಾಯಿ ಅದನೋ ಬೂಷ್ಟು ಹಿಡದದನೋ ಯಾರಿಗ್ಗೊತ್ತು" ಎಂದು ಚೀಲ ಹೆಗಲಿಗೇರಿಸಿದ್ದರು.

ಆ ದಿನ ಬುಧವಾರ. ಬುಧವಾರ ಚಾಚಾ ಕಮಲಾಪುರದ ಕೇಂದ್ರದಲ್ಲೇ ಇರುತ್ತಿದ್ದರು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕುಸನೂರಿನ ಒಬ್ಬ ದಾನಿ ಬಂದು, ತನ್ನ ರಕ್ತದ ಗುಂಪು ತಪ್ಪಾಗಿ ಬಿದ್ದಿದೆ, ಅದು ಒ ಪಾಸಿಟಿವ್ ಆಗಬೇಕು ಎಂದು ಕಾಗದ ತೋರಿಸಿದರು. ಒಂದು ಸಾಲಿನ ಕೆಲಸ. ಒಂದು ಸಾಲಿಗೆ ಬಿಗಿನ್ ಯಾಕೆ, ಕೇಳುವುದು ಯಾಕೆ ಎಂದುಕೊಂಡು ನೇರವಾಗಿ ಬರೆದೆ. ದಾನಿಗಳ ಪಟ್ಟಿಯಲ್ಲಿ ಗುಂಪನ್ನು ಒ ಪಾಸಿಟಿವ್ ಮಾಡು. ಎಂಟರ್ ಒತ್ತಿದೆ. ಯಾವ ದಾನಿಯದು ಎಂಬ ಷರತ್ತನ್ನು ಬರೆದೇ ಇರಲಿಲ್ಲ.

ತೆರೆಯ ಮೇಲೆ ಉತ್ತರ ಬಂತು. ಹನ್ನೊಂದು ಸಾವಿರ ಚಿಲ್ಲರೆ ಸಾಲು ಬದಲಾಗಿವೆ.

ಪಟ್ಟಿ ತೆರೆದು ನೋಡಿದೆ. ಕಲಬುರಗಿ, ಕಮಲಾಪುರ, ಸುತ್ತಿನ ಹಳ್ಳಿಗಳ ದಾನಿಗಳೆಲ್ಲ, ಹಿಂದೂ ಮುಸ್ಲಿಂ ಗಂಡಸು ಹೆಂಗಸು ಎನ್ನದೆ, ಒಂದೇ ಏಟಿಗೆ ಒ ಪಾಸಿಟಿವ್ ಆಗಿದ್ದರು. ಕುಸನೂರಿನವರು "ಆತೇನ್ರೀ?" ಎಂದರು. "ಆತ್ರೀ" ಎಂದೆ. ಅವರು ನಮಸ್ಕಾರ ಮಾಡಿ ಹೋದರು.

ಅವರು ಮೆಟ್ಟಿಲು ಇಳಿಯುತ್ತಿದ್ದಾಗಲೇ ಡಾಕ್ಟರ್ ಮೇಡಂ ಒಳಗೆ ಬಂದರು. ಬ್ಲಡ್ ಬ್ಯಾಂಕಿನ ಮುಖ್ಯಸ್ಥರು ಅವರೇ. "ಬಿ ನೆಗೆಟಿವ್ ದಾನಿಗಳ ಪಟ್ಟಿ ತಗೀವಾ, ಲಗೂನ. ಹೆರಿಗಿ ಆಗೇದ, ರಕ್ತ ನಿಂದ್ರವಲ್ದು. ನಮ್ಮ ಹತ್ರ ಒಂದ ಚೀಲ ಅದ. ಇನ್ನೆರಡು ಬೇಕು, ಎರಡು ತಾಸಿನೊಳಗ."

ಅವರ ಹಿಂದೆ ಬಾಗಿಲಲ್ಲಿ ಆ ಬಾಣಂತಿಯ ತಾಯಿ ನಿಂತಿದ್ದಳು. ರಕ್ತದ ಚೀಲ ಒಯ್ಯಲು ಕೊಟ್ಟ ಥರ್ಮಾಕೋಲ್ ಡಬ್ಬಿಯನ್ನು ಎರಡೂ ಕೈಯಿಂದ ಹೊಟ್ಟೆಗೆ ಅವಚಿಕೊಂಡಿದ್ದಳು. ನಾನು ಅವಳ ಮುಖ ನೋಡಲಿಲ್ಲ, ಡಬ್ಬಿಯನ್ನಷ್ಟೇ ನೋಡಿದೆ. ಹಳೆಯ ಫಾರಂಗಳೆಲ್ಲ ಗೋಣಿಚೀಲಗಳಲ್ಲಿ ತಾರೀಖಿನ ಪ್ರಕಾರ ಇದ್ದವು. ಅವುಗಳಲ್ಲಿ ಒಂದು ಗುಂಪಿನವರನ್ನು ಹುಡುಕಲು ಎರಡು ದಿನವೂ ಸಾಲದು.

"ಐದ ನಿಮಿಷ ಮೇಡಂ" ಎಂದು ಹೇಳಿ ಸರ್ವರ್ ರೂಮಿನ ಬಾಗಿಲು ಹಾಕಿಕೊಂಡೆ. ಹಾಗೆ ಹೇಳಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ. ಚಾಚಾಗೆ ಫೋನ್ ಹಚ್ಚಿ, ಆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ.

"ಮೊದಲು ಶಟರ್ ಎಳಿ," ಎಂದರು. "ವೆಬ್‌ಸೈಟ್ ಬಂದ್ ಮಾಡು. ಪಟ್ಟಿ ಇಲ್ಲಾಂದ್ರ ಆಸ್ಪತ್ರಿಯವ್ರು ಫೋನ್ ಮಾಡ್ತಾರ. ತಪ್ಪು ಪಟ್ಟಿ ಇದ್ರ ನಂಬ್ತಾರ."

ಬಂದ್ ಮಾಡಿದೆ.

"ಈಗ ಕೆಟ್ಟಿದ್ದನ್ನೂ ಒಂದು ನಕಲು ತಗದಿಡು. ಏನೂ ಅಳಿಸಬ್ಯಾಡ. ಈ ವಾರ ಬಂದವರ ಹೆಸರು ಅದರಾಗ ಅವ."

ನನ್ನ ಕಂಪ್ಯೂಟರಿಗೆ ತೆಗೆದಿಟ್ಟೆ.

"ನಿನ್ನೀ ಬ್ಯಾಕಪ್ ಫೈಲು ನೋಡು. ಸೈಜ್ ಎಷ್ಟದ?"

ನೋಡಿದೆ. ಫೈಲಿತ್ತು, ತಾರೀಖೂ ಸರಿಯಾಗಿತ್ತು. ಒಳಗೆ ಏನೂ ಇರಲಿಲ್ಲ, ಸೊನ್ನೆ. ಬ್ಯಾಕಪ್ ಬೀಳುವ ಡಿಸ್ಕ್ ತುಂಬಿ ಒಂಬತ್ತು ದಿನವಾಗಿತ್ತು. ಒಂಬತ್ತು ದಿನದಿಂದ ಖಾಲಿ ಫೈಲುಗಳು ಸಾಲಾಗಿ ಬಂದು ಕೂತಿದ್ದವು. ಬ್ಯಾಕಪ್ಪಿನ ವರದಿ ಚಾಚಾ ಓದುವ ಲಾಗಿನಲ್ಲಿ ಬರುತ್ತಿರಲಿಲ್ಲ, ಅದನ್ನು ಪರೀಕ್ಷಿಸುವ ಕೆಲಸ ನನ್ನದೇ. ಎರಡು ಸೋಮವಾರವೂ ಫೈಲಿನ ಹೆಸರು ನೋಡಿ ಸರಿ ಎಂದು ಗುರುತು ಹಾಕಿದ್ದೆ.

"ಸೊನ್ನಿ ಅದರೀ ಚಾಚಾ."

"ಹೆಸರು ನೋಡ್ದಿ, ಹೊಟ್ಟಿ ನೋಡ್ಲಿಲ್ಲ," ಎಂದರು. ಆ ಹೊತ್ತಿನಲ್ಲಿ ಅವರು ಅಂದದ್ದು ಅಷ್ಟೇ. "ಇಲ್ಲಿ ಶನಿವಾರದ್ದು ಅದ. ಆದ್ರ ಕರೆಂಟ್ ಹೋಗ್ಯಾದ. ಇಂಟರ್ನೆಟ್ ಇಲ್ಲ. ಯುಪಿಎಸ್ ಮ್ಯಾಲ ಕಂಪ್ಯೂಟರ್ ಹದಿನೈದು ನಿಮಿಷ ನಡೀಬಹುದು. ದೊಡ್ಡ ಫೋನ್ ಇದ್ದ ನರ್ಸ್ ಸಿಸ್ಟರ್ ರಕ್ತದಾನದ ಕ್ಯಾಂಪಿಗೆ ಹೋಗ್ಯಾರ, ನನ್ನ ಫೋನಿಲೆ ಫೋಟೋ ತಗದು ಕಳಸಾಕ ಬರೂದಿಲ್ಲ. ಪೆನ್ನು ತಗೋ. ಇಡೀ ಪಟ್ಟಿ ಆಮ್ಯಾಲ. ಮೊದಲು ಬೇಕಾದವ್ರು."

ಕೀಲಿಗಳ ಸದ್ದು ಫೋನಿನಲ್ಲಿ ಕೇಳಿಸಿತು. ಆಮೇಲೆ ಸದ್ದು ನಿಂತಿತು. ಹದಿನೈದು ನಿಮಿಷವಷ್ಟೇ ಇದ್ದ ಆ ಹೊತ್ತಿನಲ್ಲೂ ಅವರ ಕೈಗಳು ತೊಡೆಯ ಮೇಲೆ ಹೋಗಿವೆ ಎಂದು ನನಗೆ ಗೊತ್ತಾಯಿತು. "ದಾನಿಗಳ ಪಟ್ಟಿಯೊಳಗ," ಎಂದು ಅವರು ನಿಧಾನವಾಗಿ ಓದಿದರು, "ಗುಂಪು ಬಿ ನೆಗೆಟಿವ್ ಇದ್ದವ್ರು, ಸಮೀಪ ಇದ್ದವ್ರಷ್ಟ, ಹೆಸರು, ಫೋನ್." ಅವರ ಕೊರಳಪಟ್ಟಿ ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು. ಒಂದು ಕೀಲಿಯ ಸದ್ದು. "ಮೂವತ್ತೊಂದು ಮಂದಿ. ಬರ್ಕೋ."

ನಾನು ಬಾಗಿಲು ತೆರೆದೆ. ಇನ್ನು ಬಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. "ಮೇಡಂ, ಪಟ್ಟಿ ನನ್ನ ಕೈಲೆ ಕೆಟ್ಟದರೀ. ಚಾಚಾ ಓದಾಕತ್ತಾರ, ನಾ ಬರೀತೀನಿ, ನೀವು ಫೋನ್ ಹಚ್ರಿ." ಮೇಡಂ ನನ್ನನ್ನು ಒಮ್ಮೆ ನೋಡಿದರು. ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಕೂತು ತಮ್ಮ ಫೋನ್ ತೆಗೆದರು.

ಚಾಚಾ ಹೆಸರು ಓದುವರು, ನಂಬರನ್ನು ಎರಡೆರಡು ಸಲ ಹೇಳುವರು, ನನ್ನಿಂದ ತಿರುಗಿ ಹೇಳಿಸುವರು. ಅದೇ ಸಾವಧಾನ. ಹಿಂದೆ ಯುಪಿಎಸ್ ಪೀಂ ಪೀಂ ಎನ್ನುತ್ತಿತ್ತು. ಮೊದಲನೆಯ ದಾನಿ ಊರಲ್ಲಿರಲಿಲ್ಲ. ಎರಡನೆಯವರು ಫೋನ್ ಎತ್ತಲಿಲ್ಲ. ನಾಲ್ಕನೆಯವರಿಗೆ ಜ್ವರ. ಏಳನೆಯವರು ಸೂಪರ್ ಮಾರ್ಕೆಟಿನಲ್ಲೇ ಬಟ್ಟೆ ಅಂಗಡಿಯಲ್ಲಿದ್ದವರು, "ಅಭಿ ಆತೂಂ", ಈಗಲೇ ಬಂದೆ, ಎಂದರಂತೆ. ಹನ್ನೆರಡು, ಹದಿಮೂರು. ಯುಪಿಎಸ್ ಸದ್ದು ಅವಸರವಾಯಿತು. "ಚಾಚಾ, ಲಗೂನ ಓದ್ರಿ" ಎಂದೆ. "ಲಗೂನ ಓದಿದ್ರ ಒಂದು ಅಂಕಿ ತಪ್ಪತದ. ಯಾರದೋ ಮನೀಗೆ ಹೋಗ್ತದ ಫೋನು," ಎಂದು ಹದಿನಾಲ್ಕನೆಯ ನಂಬರನ್ನು ಎರಡನೇ ಸಲ ಹೇಳಿದರು.

ಇಪ್ಪತ್ತನಾಲ್ಕನೆಯ ಹೆಸರಿಗೆ ಯುಪಿಎಸ್ ಒಂದೇ ಸಮನೆ ಕಿರುಚಿ ನಿಂತುಹೋಯಿತು. ಫೋನಿನಲ್ಲಿ ಕೇಳಿಸುತ್ತಿದ್ದ ಕಂಪ್ಯೂಟರಿನ ಫ್ಯಾನಿನ ಸದ್ದೂ ನಿಂತಿತು. "ಆರಿತು ಬೇಟಾ," ಎಂದರು ಚಾಚಾ. "ಇದ್ದವ್ರಿಗೆ ಹಚ್ರಿ. ನಾ ಡಿಸ್ಕ್ ತಗೊಂಡು ಬಸ್ ಹತ್ತತೀನಿ."

ಬಟ್ಟೆ ಅಂಗಡಿಯವರು ಒಂದು ಚೀಲ ಕೊಟ್ಟರು. ಎರಡನೆಯ ಚೀಲ ಕೊಟ್ಟವರು ಪಟ್ಟಿಯ ಇಪ್ಪತ್ತೆರಡನೆಯವರು, ಒಬ್ಬ ಶಾಲೆಯ ಟೀಚರು. ತರಗತಿಯನ್ನು ಅರ್ಧಕ್ಕೆ ಬಿಟ್ಟು ಆಟೋದಲ್ಲಿ ಬಂದರು. ಕೈಯಲ್ಲಿ ಸೀಮೆಸುಣ್ಣದ ಪುಡಿ ಹಾಗೇ ಇತ್ತು. ಪರೀಕ್ಷೆ ಮುಗಿದು ಚೀಲಗಳು ಡಬ್ಬಿಯೊಳಗೆ ಹೋದಾಗ ಮೇಡಂ ಹೇಳಿದ ಎರಡು ತಾಸಿನ ಮೇಲೆ ಹತ್ತು ನಿಮಿಷವಾಗಿತ್ತು. ಆ ತಾಯಿ ಡಬ್ಬಿ ಹಿಡಿದು ಮೆಟ್ಟಿಲು ಇಳಿದಳು, ನಾನು ಕಿಟಕಿಯಿಂದ ಆಟೋ ಮರೆಯಾಗುವವರೆಗೂ ನೋಡಿದೆ. ಸಂಜೆ ಆಸ್ಪತ್ರೆಯಿಂದ ಫೋನ್ ಬಂತು. ರಕ್ತ ನಿಂತಿತ್ತು. ಬಾಣಂತಿ ಕಣ್ಣು ಬಿಟ್ಟು ನೀರು ಕೇಳಿದ್ದಳು.

ಅಷ್ಟರಲ್ಲಿ ಚಾಚಾ ಬಂದು, ಟವೆಲಿನಿಂದ ಡಿಸ್ಕ್ ಬಿಚ್ಚಿ, ಶನಿವಾರದ ನಕಲಿನಿಂದ ಗುಂಪುಗಳನ್ನಷ್ಟೇ ದಾನಿಯ ನಂಬರಿಗೆ ಹೊಂದಿಸಿ ಹಿಂದಕ್ಕೆ ತಂದಿದ್ದರು. ಶನಿವಾರದ ಆಚೆಗೆ ಬಂದವರದನ್ನು ಫಾರಂ ನೋಡಿ ನಾನು ತುಂಬಿದೆ, ಕುಸನೂರಿನವರದನ್ನು ಮತ್ತೆ ಒ ಪಾಸಿಟಿವ್ ಮಾಡಿದೆ. ಎಲ್ಲ ಮುಗಿದ ಮೇಲೆ ಅವರು ನನ್ನ ಕಡೆ ತಿರುಗಿದರು. ಬೈಗುಳಕ್ಕೆ ತಯಾರಾಗಿ ಕೂತಿದ್ದೆ.

"ಕೈ ಎಲ್ಲಿದ್ವು?" ಎಂದು ಕೇಳಿದರು.

"ಕೀಬೋರ್ಡ್ ಮ್ಯಾಲ ರೀ."

ಅದಕ್ಕಿಂತ ದೊಡ್ಡ ಬೈಗುಳ ನಾನು ತಿಂದಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಶಾಲೆಯಲ್ಲಿ ಎಷ್ಟು ಸಲ ಬರೆದಿದ್ದೆನೋ, ಅರ್ಥ ಆ ಸಂಜೆ ಆಯಿತು.

ಮೇಡಂ ನನ್ನೆದುರೇ ಅವರನ್ನು ಕೇಳಿದರು. "ನಾಳಿಂದ ಈಕೀನ್ನ ಅಲ್ಲಿ ಕೂಡಸಬೇಕೋ ಬ್ಯಾಡೋ ಹೇಳ್ರಿ." ಚಾಚಾ ಕನ್ನಡಕ ಒರೆಸಿಕೊಂಡರು. "ಹೊಸಬರನ್ನ ತಂದ್ರ ಈ ತಪ್ಪು ಅವ್ರು ಇನ್ನ ಮಾಡ್ಬೇಕಾಗ್ತದ ಮೇಡಂ. ಈಕೀದು ಮಾಡಿ ಮುಗದದ." ಮೇಡಂ ನಗಲಿಲ್ಲ. ಆದರೆ ಮರುದಿನ ನಾನು ಅದೇ ಕುರ್ಚಿಯಲ್ಲಿ ಕೂತಿದ್ದೆ. ಆ ಒಂದು ಮಾತಿನಿಂದ ನನ್ನ ಅನ್ನ ಉಳಿಯಿತು.

ಹೋದ ಚಳಿಗಾಲದಲ್ಲಿ ಚಾಚಾ ತೀರಿಕೊಂಡರು. ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೊರಟವರು ಅಂಗಳದಲ್ಲೇ ಕುಸಿದರಂತೆ. ಕಮಲಾಪುರದ ಅವರ ಮನೆಗೆ ಹೋದಾಗ ಚಾಚಿ ನನ್ನ ಕೈಹಿಡಿದು, "ಊಟಕ್ಕ ಕೂತ್ರೂ ತಾಟು ನೋಡ್ಕೋತ ಕೈ ತೊಡಿ ಮ್ಯಾಲ ಇಟ್ಕೊಂಡ ಕೂಡ್ತಿದ್ರವ್ವಾ, ನಾ ಬೈತಿದ್ದೆ" ಎಂದರು. ಚಾಚಾ ಅವರ ಬಟನ್ ಫೋನು ಚಾಚಿಯ ಮಡಿಲಲ್ಲಿತ್ತು.

ನಮ್ಮ ಪಟ್ಟಿಯಲ್ಲಿ ಚಾಚಾ ಕೂಡ ಒಬ್ಬ ದಾನಿ, ನಂಬರ್ ಹದಿನೇಳು. ಗುಂಪು ಒ ಪಾಸಿಟಿವ್. ನಾನು ಇಡೀ ಊರನ್ನು ಕೆಡಿಸಿದ ದಿನವೂ ಕೆಡದೆ ಉಳಿದ ಸಾಲುಗಳಲ್ಲಿ ಅದೂ ಒಂದು. ದಾನಿಗಳೆಲ್ಲರಿಗೂ ವರ್ಷಕ್ಕೊಮ್ಮೆ, ಅವರ ಹುಟ್ಟಿದ ದಿನ, ಸರ್ವರಿನಿಂದ ಫೋನಿಗೆ ಶುಭಾಶಯ ಹೋಗುತ್ತದೆ. ತೀರಿಕೊಂಡವರ ಮನೆಗೆ ಅದು ಹೋಗಬಾರದೆಂದು ಪಟ್ಟಿಯಲ್ಲಿ ಒಂದು ಗುರುತಿನ ಅಂಕಣ ಮಾಡಿಟ್ಟವರು ಚಾಚಾ ಅವರೇ. ಚಾಚಿಯ ಮಡಿಲಿನ ಆ ಫೋನು ನೆನಪಾಗಿ, ಕಮಲಾಪುರದಿಂದ ಬಂದ ಮರುದಿನ ಬೆಳಿಗ್ಗೆಯೇ ಕಂಪ್ಯೂಟರಿನ ಮುಂದೆ ಕೂತೆ.

ಬಿಗಿನ್ ಎಂದು ಬರೆದೆ. ಮೊದಲು ಕೇಳಿದೆ, ಒಂದು ಸಾಲು ಎಂದಿತು. ಆಮೇಲೆ ಬದಲಾಯಿಸುವ ಸಾಲನ್ನು ಬರೆದು, ಎರಡೂ ಕೈ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು, ಬಾಯಿಬಿಟ್ಟು ಓದಿದೆ. "ದಾನಿಗಳ ಪಟ್ಟಿಯೊಳಗ, ನಂಬರ್ ಹದಿನೇಳು ಇದ್ದವ್ರು, ತೀರಿಕೊಂಡಾರ ಅಂತ ಬರಿ." ಒಂದು ಬೆರಳು ಹೋಗಿ ಎಂಟರ್ ಒತ್ತಿ ಬಂತು. ಒಂದು ಸಾಲು ಬದಲಾಗಿದೆ.

ಕಮಿಟ್ ಒಂದು ಉಳಿದಿತ್ತು. ಅದನ್ನು ಬರೆಯುವವರೆಗೂ ಎಲ್ಲಾ ಹಿಂದಕ್ಕೆ ಬರುತ್ತದೆ ಎಂದವರು ಅವರೇ. ಕೈ ತೊಡೆ ಬಿಟ್ಟು ಏಳಲಿಲ್ಲ. ಎಷ್ಟು ಹೊತ್ತು ಕೂತಿದ್ದೆನೋ, ಪಕ್ಕದ ಕೌಂಟರಿನವಳು ಇಣುಕಿ, "ಅಕ್ಕಾ, ದಾನಿಗಳ ಪಟ್ಟಿ ಯಾಕೋ ಸೇವ್ ಆಗವಲ್ದು, ಇಲ್ಲಿ ಮಂದಿ ಕಾಯಾಕತ್ತಾರ" ಎಂದಳು.

ಬಾಗಿಲಲ್ಲಿ ನಿಂತಿದ್ದವಳು ನಾನೇ. ಕಮಿಟ್ ಎಂದು ಬರೆದೆ, ಓದಿದೆ, ಒತ್ತಿದೆ.