ಹದಿಮೂರನೆಯ ಎಲೆಗೆ ಹಸಿರು ಬಳೆ

ಸ್ವಂತ ಖರ್ಚಿನಲ್ಲಿ ಪುಸ್ತಕ ತರಬೇಕೆಂದಿರುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಮುಖಪುಟದ ಬಣ್ಣವನ್ನು ಪ್ರೆಸ್ಸಿನ ಟ್ಯೂಬ್‌ಲೈಟಿನ ಕೆಳಗೆ ನೋಡಿ ಒಪ್ಪಬೇಡಿ. ಹಾಳೆ ಹಿಡಿದು ರಸ್ತೆಗೆ ಬನ್ನಿ, ಬಿಸಿಲಿನಲ್ಲಿ ನೋಡಿ. ಪ್ರೆಸ್ಸಿನವರು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ. ಈ ಬುದ್ಧಿ ನನಗೆ ಪುಸ್ತಕಗಳಿಂದ ಬಂದದ್ದಲ್ಲ, ಸೀರೆಗಳಿಂದ ಬಂದದ್ದು. ನಾಸಿಕ್ ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆಯ ಟೌನ್‌ಶಿಪ್ಪಿಗೆ ಟೆಕ್ನಿಷಿಯನ್ ಒಬ್ಬರ ಹೆಂಡತಿಯಾಗಿ ಬಂದ ಹೊಸದರಲ್ಲಿ ಇಳಕಲ್ ಸೀರೆ ತರಿಸಿ ಮನೆಮನೆಗೆ ಹೊತ್ತು ಮಾರುತ್ತಿದ್ದೆ. ಪಡಸಾಲೆಯಲ್ಲಿ ಕೆಂಪಾಗಿ ಕಂಡದ್ದು ಅಂಗಳದಲ್ಲಿ ಇಟ್ಟಿಗೆ ಬಣ್ಣವಾಗುವುದನ್ನು ಎಷ್ಟು ಸಲ ನೋಡಿದ್ದೇನೋ.

ಸೀರೆ ಮಾರುವವಳ ಮುಂದೆ ಹೆಂಗಸರು ಸೀರೆಗಿಂತ ಮನೆಯ ವಿಷಯವನ್ನೇ ಹೆಚ್ಚು ಬಿಚ್ಚುತ್ತಾರೆ. ಅದನ್ನು ಕೇಳಿ ಕೇಳಿ ರೂಢಿಯಾಗಿದ್ದ ನಾನು ನಾಸಿಕ್‌ನ ಒಂದು ತರಗತಿಗೆ ಹೋಗಿ ಟ್ಯಾರೋ ಕಲಿತೆ. ಎಪ್ಪತ್ತೆಂಟು ಚಿತ್ರದ ಎಲೆಗಳು. ಅವುಗಳಲ್ಲಿ ನಾಲ್ಕೈದನ್ನು ಎತ್ತಿ ಮುಂದಿಟ್ಟರೆ ಎದುರಿಗೆ ಕೂತವರು ತಮ್ಮ ಕಥೆಯನ್ನು ತಾವೇ ಹೇಳಲು ಶುರು ಮಾಡುತ್ತಾರೆ. ನಾಳೆ ಏನಾಗುತ್ತದೆಂದು ನನಗೆ ಗೊತ್ತಿಲ್ಲ, ಗೊತ್ತಿದೆಯೆಂದು ಯಾರಿಗೂ ಹೇಳಿಲ್ಲ. ಎಲೆ ಒಂದು ನೆಪ. ಆದರೆ ಮನಸ್ಸು ಬಿಚ್ಚಲು ಒಳ್ಳೆಯ ನೆಪ ಸಿಗುವುದು ಸುಲಭವಲ್ಲ.

ಇದನ್ನೇ ಕನ್ನಡದಲ್ಲಿ ಒಂದು ಪುಸ್ತಕ ಮಾಡಿದೆ. ಮೊದಲ ಮುದ್ರಣದಲ್ಲಿ ಬರೀ ಬರಹ. ಎಲೆಗಳ ಚಿತ್ರ ಬೇಕಾದವರು ಪೇಟೆಯಲ್ಲಿ ಸಿಗುವ ಪರದೇಶಿ ಕಟ್ಟನ್ನು ಕೊಂಡುಕೊಳ್ಳಬೇಕು. ಪುಸ್ತಕವೇನೋ ಖರ್ಚಾಯಿತು. ಆದರೆ ನಮ್ಮ ಕನ್ನಡ ಕೂಟಕ್ಕೆ ಬರುವ ಧಾರವಾಡ ಕಡೆಯ ಹಿರಿಯಾಕೆಯೊಬ್ಬರು ಒಂದು ದಿನ ಆ ಕಟ್ಟನ್ನು ಹಿಡಿದುಕೊಂಡೇ ಬಂದರು. ಕಬ್ಬಿಣದ ಅಂಗಿ ತೊಟ್ಟ ರಾವುತರು, ಹಿಮದಲ್ಲಿ ನಡೆಯುವ ಭಿಕ್ಷುಕರು, ಬಂಗಾರದ ಕೂದಲಿನ ರಾಣಿಯರು, ಎಲ್ಲರನ್ನೂ ನನ್ನ ಟೇಬಲ್ಲಿನ ಮೇಲೆ ಸಾಲಾಗಿ ಹರವಿ ಕೇಳಿದರು:

"ಇವ್ರೆಲ್ಲಾ ಯಾರ ಮನಿಯವ್ರ್ರೀ? ಒಬ್ರ ಗುರುತೂ ಹತ್ತವಲ್ದು."

ಗಿರಾಕಿ ಹಾಗೆ ಕೇಳಿದ ಮೇಲೆ ವ್ಯಾಪಾರಿ ಮಾಲು ಬದಲಾಯಿಸಬೇಕು. ಪರಿಷ್ಕೃತ ಮುದ್ರಣ ತರುವುದು, ಅದರಲ್ಲಿ ನಮ್ಮದೇ ಚಿತ್ರಗಳಿರುವುದು ಎಂದು ಅಂದೇ ನಿಶ್ಚಯವಾಯಿತು.

ಚಿತ್ರ ಬರೆಯುವವರನ್ನು ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ. ನನ್ನ ನೆಗೆಣ್ಣಿ, ಅಂದರೆ ನನ್ನ ಯಜಮಾನರ ಅಣ್ಣನ ಹೆಂಡತಿ, ಸಂಭಾಜಿನಗರದ ಒಂದು ಮರಾಠಿ ಶಾಲೆಯಲ್ಲಿ ಡ್ರಾಯಿಂಗ್ ಟೀಚರಾಗಿದ್ದು ನಿವೃತ್ತರಾದವರು. ಊರ ಗಣಪತಿ ಮಂಟಪದ ಪರದೆಗಳು, ಮದುವೆ ಮನೆಯ ಗೋಡೆಗಳು, ಭಾವನವರು ಸೇಫ್ಟಿ ಆಫೀಸರಾಗಿದ್ದ ಶೇಂದ್ರಾದ ಕಾರ್ಖಾನೆಯ ಸುರಕ್ಷತಾ ಸಪ್ತಾಹದ ಬೋರ್ಡುಗಳು, ಇವನ್ನೆಲ್ಲ ಬರೆದು ಬರೆದು ಕೈ ಪಳಗಿತ್ತು. ಯಾವುದರ ಮೂಲೆಯಲ್ಲೂ ಆಕೆಯ ಹೆಸರಿರಲಿಲ್ಲ. ಮಂಟಪ ಬಿಚ್ಚಿದರೆ ಪರದೆ ಅಟ್ಟಕ್ಕೆ, ಮದುವೆ ಮುಗಿದರೆ ಗೋಡೆಗೆ ಸುಣ್ಣ.

ನಾನು ಬಸ್ಸಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ಚೌಕಾಸಿಯ ತಯಾರಿ ಮಾಡಿಕೊಂಡಿದ್ದೆ. ಅಲ್ಲಿ ಹೋದರೆ ಆಕೆ ಸಂಭಾವನೆಯ ಮಾತನ್ನೇ ಎತ್ತಲಿಲ್ಲ. ನನಗೆ ಆಗಲೇ ಅನುಮಾನ ಬಂತು. ಮಾರುವವರು ದರ ಹೇಳದಿದ್ದರೆ ಅಸಲು ದರ ಬೇರೆಲ್ಲೋ ಇರುತ್ತದೆ, ಇದನ್ನು ಗಂಟು ಹಾಕಿಟ್ಟುಕೊಳ್ಳಿ. ಚಹಾ ಕುಡಿದಾದ ಮೇಲೆ ಆಕೆ ಹೇಳಿದ್ದು ಇಷ್ಟು: "ಮೊದಲನೇ ಪುಟದಿಂದ ಕಡೀ ಪುಟದ ತನಕ ಚಿತ್ರ ನಂದ ಇರಬೇಕ ತಂಗಿ. ನಡಕ ಒಂದೂ ಮತ್ತೊಬ್ಬರದು ಬರಬಾರ್ದು. ಒಂದು ಪುಸ್ತಕಾದ್ರೂ ಪೂರಾ ನಂದ ಅನ್ನೂಹಂಗ ಇರ್ಲಿ."

ಅಗ್ಗವಾಯಿತೆಂದು ನಾನು ತಟ್ಟನೆ ಒಪ್ಪಿಕೊಂಡೆ.

ಕೆಲಸ ಶುರುವಾದ ಮೇಲೆ ಆ ಮನೆಯಲ್ಲಿ ನಗುವೋ ನಗು. ಟ್ಯಾರೋದಲ್ಲಿ ಇಪ್ಪತ್ತೆರಡು ದೊಡ್ಡ ಎಲೆಗಳು, ಉಳಿದವು ಬಟ್ಟಲು, ಕತ್ತಿ, ಕೋಲು, ನಾಣ್ಯವೆಂದು ನಾಲ್ಕು ಗುಂಪಿನ ಸಣ್ಣ ಎಲೆಗಳು. ನಮ್ಮ ಪುಸ್ತಕದಲ್ಲಿ ಬಟ್ಟಲು ಹೋಗಿ ತಂಬಿಗೆ ಬಂತು, ಕತ್ತಿಯ ಜಾಗದಲ್ಲಿ ಈಳಿಗೆ, ಕೋಲಿನ ಜಾಗದಲ್ಲಿ ಲಟ್ಟಣಿಗೆ, ನಾಣ್ಯದ ಜಾಗದಲ್ಲಿ ಜೋಳದ ರೊಟ್ಟಿ. ಲಟ್ಟಣಿಗೆ ಹಿಡಿದ ರಾಜನಿಗೆ ಆಕೆ ಭಾವನವರ ಮೀಸೆಯನ್ನೇ ಇಟ್ಟರು. ತನ್ನ ಕೈಗೆ ಜನ್ಮದಲ್ಲಿ ಲಟ್ಟಣಿಗೆ ಬಂದಿಲ್ಲವೆಂದು ಭಾವನವರು ತಕರಾರು ತೆಗೆದರೆ, ಅದಕ್ಕೇ ಚಿತ್ರದಲ್ಲಾದರೂ ಇರಲಿ ಎಂದು ಉತ್ತರ ಬಂತು. ನ್ಯಾಯದ ಎಲೆಗೆ ಪಿಂಪಳಗಾಂವ್ ಬಸವಂತ್ ಮಾರುಕಟ್ಟೆಯಲ್ಲಿ ಈರುಳ್ಳಿ ತೂಗುವ ಕಾಟಾ. ಸಂಯಮದ ಎಲೆಗೆ ಲೋಟದಿಂದ ಲೋಟಕ್ಕೆ ಹನಿ ಚೆಲ್ಲದಂತೆ ಚಹಾ ಆರಿಸುವ ಹೆಂಗಸು. ದಡ್ಡನ ಎಲೆಗೆ, ಬಸ್ಸು ಎಲ್ಲಿಗೆ ಹೋಗುತ್ತದೆಂದು ಕೇಳದೆ ಹತ್ತಿ ಕಿಟಕಿಯ ಪಕ್ಕ ಕೂತು ಖುಷಿಪಡುತ್ತಿರುವ ಪ್ರಯಾಣಿಕ. ಸಿಡಿಲು ಬಡಿದ ಗೋಪುರದಿಂದ ಇಬ್ಬರು ಉರುಳಿ ಬೀಳುವ ಎಲೆ ಒಂದಿದೆ. ಭಾವನವರು ಅದನ್ನು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಹೆಲ್ಮೆಟ್ ಎಲ್ಲೈತಿ ಇವ್ರದು? ಬೆಲ್ಟೂ ಇಲ್ಲ. ನಮ್ಮ ಪ್ಲಾಂಟ್‌ನ್ಯಾಗ ಹಿಂಗ ಬಿದ್ದಿದ್ರ ಅವ್ರನ್ನ ಬಿಟ್ಟು ನನ್ನ ಸಸ್ಪೆಂಡ್ ಮಾಡ್ತಿದ್ರು."

ಮುಗಿದಷ್ಟು ಚಿತ್ರಗಳನ್ನು ಸೀರೆಯ ರಟ್ಟಿನ ಡಬ್ಬಿಯಲ್ಲಿಟ್ಟು ನಾನು ನಾಸಿಕ್‌ಗೆ ತರುತ್ತಿದ್ದೆ. ರಾಜ್ಯೋತ್ಸವದ ಕೂಟದ ದಿನ ಪುಸ್ತಕ ಬಿಡುಗಡೆಯೆಂದು ಎಲ್ಲರಿಗೂ ಹೇಳಿಯಾಗಿತ್ತು. ಸುತ್ತಲಿನ ಕನ್ನಡದವರೆಲ್ಲ ಒಂದೇ ಚಾವಣಿಯ ಕೆಳಗೆ ಸಿಗುವುದು ವರ್ಷಕ್ಕೆ ಆ ಒಂದೇ ದಿನ. ಅದು ತಪ್ಪಿದರೆ ಪುಸ್ತಕ ಮುಂದಿನ ವರ್ಷದವರೆಗೆ ಮಂಚದ ಕೆಳಗೆ.

ಒಂದು ಸಲ ಡಬ್ಬಿ ಬಿಚ್ಚಿ ಎಣಿಸಿದರೆ ಹನ್ನೆರಡರ ನಂತರ ಹದಿನಾಲ್ಕು ಬಂತು. ಹದಿಮೂರು ಸಾವಿನ ಎಲೆ. ಪರದೇಶಿ ಕಟ್ಟಿನಲ್ಲಿ ಅದು ಕುದುರೆಯೇರಿ ಬರುವ ಅಸ್ಥಿಪಂಜರ.

ನೆಗೆಣ್ಣಿಗೆ ಫೋನ್ ಮಾಡಿದೆ. ಆಕೆಯ ಮಗಳ ಮದುವೆ ನಿಶ್ಚಯವಾಗಿತ್ತು, ತುಳಸಿ ಲಗ್ನ ಆಗಿ ಸ್ವಲ್ಪ ದಿನಕ್ಕೆ ಮುಹೂರ್ತ. ಮನೆಯಲ್ಲಿ ಹಂದರ ಹಾಕುವ ಹೊತ್ತಿಗೆ ಅಂಥ ಚಿತ್ರಕ್ಕೆ ಕೈ ಹಚ್ಚುವುದಿಲ್ಲವೆಂದು ಆಕೆ ಸಾವಧಾನವಾಗಿ ಹೇಳಿದರು. ಮದುವೆ ಆದ ಮೇಲೆ ಬೇಕಾದರೆ ಹತ್ತು ಬರೆಯುತ್ತಾರಂತೆ. ಮದುವೆಯಾಗುವ ಹೊತ್ತಿಗೆ ಕೂಟವೇ ಮುಗಿದಿರುತ್ತದೆ. ನಾನು ನನ್ನ ವಿದ್ಯೆಯನ್ನೆಲ್ಲ ಹೊರತೆಗೆದೆ. ಅಸ್ಥಿಪಂಜರ ಬೇಡ, ಬರೀ ಕುದುರೆ ಸಾಕು ಎಂದೆ. ಆಗಲಿಲ್ಲ. ನಿಮ್ಮ ಮನೆಯಲ್ಲಿ ಬೇಡ, ಓಝರ್‌ಗೆ ಬಂದು ನನ್ನ ಮನೆಯಲ್ಲಿ ಬರೆಯಿರಿ ಎಂದೆ.

"ಕೈ ಯಾರ್ದು? ಅದನ್ನ ಇಲ್ಲೇ ಬಿಟ್ಟು ಬರ್ಲೇನು?" ಎಂದರು.

ಅತ್ತ ಪ್ರೆಸ್ಸಿನ ಮಾಲೀಕರಿಗೆ ಇದು ದೊಡ್ಡ ವಿಷಯವೇ ಅಲ್ಲ. ಕಂಪ್ಯೂಟರಿಗೆ ಹೇಳಿದರೆ ಚಹಾ ತಣ್ಣಗಾಗುವುದರೊಳಗೆ ಎಂಥ ಚಿತ್ರ ಬೇಕಾದರೂ ಬರುತ್ತದೆ, ಅದೂ ಅಕ್ಕಾವರ ಕೈಚಳಕದ ರೀತಿಯಲ್ಲೇ ಬರುತ್ತದೆ ಎಂದು ಮರಾಠಿಯಲ್ಲಿ ಸಮಾಧಾನ ಹೇಳಿ, ಒಂದನ್ನು ಮಾಡಿಯೂ ತೋರಿಸಿದರು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಇತ್ತು. ಬಿಟ್ಟಿಯಾಗಿ ಬಂದದ್ದು ನನ್ನ ಕಣ್ಣಿಗೆ ಯಾವಾಗಲೂ ಸ್ವಲ್ಪ ಹೆಚ್ಚೇ ಚೆನ್ನಾಗಿ ಕಾಣುತ್ತದೆ. ಆದರೆ ಮಾತು ಮಾತೇ. ಆಕೆಯನ್ನು ಕೇಳದೆ ಹಾಕುವಂತಿರಲಿಲ್ಲ, ಕೇಳಿದೆ.

ಆ ಕಡೆ ಕುಕ್ಕರು ಸೀಟಿ ಹಾಕಿತು. ಆಕೆ ಗ್ಯಾಸ್ ಆರಿಸಿ ಬಂದರು.

"ಹಾಕ್ಕೋ ತಂಗಿ, ನಿನ್ನ ಪುಸ್ತಕ. ಆದ್ರ ನನ್ನವೆಲ್ಲಾ ಡಬ್ಬಿನ್ಯಾಗ ಇಟ್ಟು ತಿರುಗಿ ಕಳಿಸಿಬಿಡು. ಅರ್ಧಾಮರ್ಧ ನಂದು ಅನ್ನೂವು ಇಡೀ ಜನ್ಮ ಮಾಡೀನಿ. ಇನ್ನೊಂದು ಬ್ಯಾಡ."

ಸಿಟ್ಟಿಲ್ಲ, ಗೋಳಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ಸಿಟ್ಟಿನಲ್ಲಿ ಹೇಳಿದ ದರ ಇಳಿಯುತ್ತದೆ, ತಣ್ಣಗೆ ಹೇಳಿದ್ದು ಇಳಿಯುವುದಿಲ್ಲ. ಹದಿಮೂರು ಆಕೆಯ ಕೈಯಿಂದ ಬರದಿದ್ದರೆ ನನ್ನ ಪುಸ್ತಕವೂ ಇಲ್ಲ, ಆಕೆಯ ಹೆಸರಿನ ಪುಸ್ತಕವೂ ಇಲ್ಲ.

ನವರಾತ್ರಿಯಲ್ಲಿ ಆಕೆ ಮದುವೆಯ ಕರೆಯೋಲೆ ಹಿಡಿದು ಓಝರ್‌ಗೆ ಬಂದರು. ನಮ್ಮ ಕಡೆ ಪತ್ರಿಕೆಯನ್ನು ಫೋನಿನಲ್ಲಿ ಕಳಿಸಿದರೆ ಅದು ಕರೆದ ಹಾಗಲ್ಲ. ಮನೆಗೆ ಬಂದು ಅಕ್ಷತೆ ಇಟ್ಟು ಕರೆಯಬೇಕು. ಟೌನ್‌ಶಿಪ್ಪಿನ ಮನೆಗಳೆಲ್ಲ ಮುಗಿದ ಮೇಲೆ, ಪಿಂಪಳಗಾಂವ್ ಹತ್ತಿರ ಇನ್ನೊಂದು ಮನೆಯಿದೆ ಎಂದೆ. ಆ ಮನೆಯ ಯಜಮಾನಿ ಸೀರೆ ಮಾರುವ ಕಾಲದಿಂದ ನನ್ನ ಗಿರಾಕಿ, ಮರಾಠಿಯವರು, ದ್ರಾಕ್ಷಿ ತೋಟದವರು. ಅವರನ್ನು ಕರೆಯದಿದ್ದರೆ ನನ್ನ ಮುಖ ಉಳಿಯುವುದಿಲ್ಲವೆಂದೆ. ಅದು ನಿಜ. ಅವರ ತೋಟದಲ್ಲಿ ಅಂದೇ ಛಾಟಣಿಯೆಂದು, ಅಂದರೆ ಬಳ್ಳಿ ಸವರುವ ದಿನವೆಂದು, ನನಗೆ ಮೊದಲೇ ಗೊತ್ತಿದ್ದದ್ದೂ ನಿಜ. ಬೋಳಾದ ತೋಟ ತೋರಿಸಿ, ಇದೂ ಒಂದು ಸಾವೇ ತಾನೆ ಎಂದು ಮಾತು ತೆಗೆಯೋಣವೆಂದು ನನ್ನ ಲೆಕ್ಕ.

ಮಾತು ತೆಗೆಯುವ ಅಗತ್ಯವೇ ಬೀಳಲಿಲ್ಲ. ಪಕ್ಕದ ತೋಟದಲ್ಲಿ ಸವರಿ ಮುಗಿದು, ಬರೀ ಕಂದು ಬಣ್ಣದ ಗಂಟುಗಳು ತಂತಿಗೆ ಅಂಟಿಕೊಂಡಿದ್ದವು. ಇವರ ತೋಟ ಇನ್ನೂ ಹಸಿರಾಗಿತ್ತು. ಮೊದಲ ಸಾಲಿನ ಬುಡದಲ್ಲಿ ತಾಟು, ಅರಿಶಿನ, ಕುಂಕುಮ, ತೆಂಗಿನಕಾಯಿ, ನಡುವೆ ಕತ್ತರಿ. ಯಜಮಾನಿ ಕರೆಯೋಲೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಗೊತ್ತಿಕೊಂಡರು. ಹೆಣ್ಣು ಕೊಡುವ ಮನೆಯ ತಾಯಿ ಇಂಥ ದಿನವೇ ಕಾಲಿಟ್ಟಿದ್ದಾರೆ, ಮೊದಲ ಕಡ್ಡಿ ಅವರೇ ಕತ್ತರಿಸಲಿ, ಈ ಸಲ ಗೊಂಚಲು ಚೆನ್ನಾಗಿ ಇಳಿಯುತ್ತದೆ ಎಂದವರೇ ಕತ್ತರಿಗೆ ಕುಂಕುಮ ಹಚ್ಚಿ, ಮಗಳ ಮದುವೆಗೆಂದು ಕೈತುಂಬ ಹಸಿರು ಬಳೆ ಇಡಿಸಿಕೊಂಡಿದ್ದ ನೆಗೆಣ್ಣಿಯ ಕೈಗೆ ಕೊಟ್ಟುಬಿಟ್ಟರು. ಇದು ಮಾತ್ರ ನನ್ನ ಲೆಕ್ಕದಲ್ಲಿ ಇರಲಿಲ್ಲ.

ಆಕೆ ನನ್ನ ಮುಖ ನೋಡಿದರು. ನಾನು ತೆಂಗಿನಕಾಯಿಯ ಜುಟ್ಟು ನೋಡಿದೆ.

ಹಸಿರು ಎಲೆಯಿದ್ದ ಬಳ್ಳಿ. ಎಲ್ಲಿ ಕತ್ತರಿಸಬೇಕೆಂದು ಯಜಮಾನಿ ಬೆರಳಿಟ್ಟು ತೋರಿಸಿದರು. ಕಟ್ ಎಂದಿತು. ಕಡ್ಡಿ ನೆಲಕ್ಕೆ ಬಿತ್ತು, ಎಲ್ಲರೂ ಚಪ್ಪಾಳೆ ತಟ್ಟಿದರು, ಕಾಯಿ ಒಡೆಯಿತು. ಕಡಿದ ತುದಿಯಲ್ಲಿ ಒಂದು ಹನಿ ನೀರು ಮೂಡಿ ನಿಂತಿತು. ಆಕೆ ಬಗ್ಗಿ ಆ ಹನಿಯನ್ನೇ ನೋಡುತ್ತ ನಿಂತರು. ಆಮೇಲೆ ನನ್ನ ಕಡೆ ತಿರುಗದೆಯೇ ಕೈ ಚಾಚಿದರು.

"ಪೆನ್ಸಿಲ್ ತಂದಿರ್ತಿ ನೀ. ಕೊಡು."

ತಂದಿದ್ದೆ. ಪರ್ಸಿನಲ್ಲಿ ಹಾಳೆಯೂ ಇತ್ತು.

"ಇದಕ್ಕ ಕುಂಕುಮ ಹಚ್ಚಿ ಕಾಯಿ ಒಡೀತಾರ ಅಂದಮ್ಯಾಲ, ನಾ ಬರದ್ರ ಏನಾಗ್ತೈತಿ?" ಎಂದು ತಮಗೆ ತಾವೇ ಹೇಳಿಕೊಂಡಂತೆ ಹೇಳಿ, ಮಗುಚಿದ್ದ ಕ್ರೇಟಿನ ಮೇಲೆ ಕೂತರು. ಊಟಕ್ಕೆ ಕರೆದರೂ ಏಳಲಿಲ್ಲ.

ಹದಿಮೂರನೆಯ ಎಲೆ ಹೀಗಾಯಿತು: ಬೋಳು ಬಳ್ಳಿ, ಕತ್ತರಿ ಹಿಡಿದ ಎರಡು ಕೈ, ಮೊಣಕೈ ಹತ್ತಿರದವರೆಗೂ ಹಸಿರು ಬಳೆ, ತುದಿಯಲ್ಲೊಂದು ಹನಿ. ಮುಖವಿಲ್ಲ. ಸಂಭಾಜಿನಗರದಲ್ಲಿ ಬಣ್ಣ ತುಂಬಿದಾಗ ಭಾವನವರು ನೋಡಿ, ಕೈಗೆ ಗ್ಲೌಸ್ ಇಲ್ಲ ಎಂದರಂತೆ. ಪ್ರೆಸ್ಸಿನಲ್ಲಿ ಆ ಹಸಿರು ಮೊದಲು ಪಾಚಿಯ ಹಾಗೆ ಬಂತು. ನಾನು ಹಾಳೆ ಹಿಡಿದು ರಸ್ತೆಗೆ ಬಂದೆ, ಮಾಲೀಕರನ್ನೂ ಬಿಸಿಲಿಗೆ ಎಳೆದುಕೊಂಡು ಬಂದೆ, ಬಳೆ ಬಳೆಯಂತೆ ಕಾಣುವವರೆಗೆ ಬಿಡಲಿಲ್ಲ. ಅವರ ಕಂಪ್ಯೂಟರಿನ ಅಸ್ಥಿಪಂಜರಕ್ಕೆ ಥ್ಯಾಂಕ್ಸ್ ಹೇಳಿ, ಆ ಉಪಕಾರದ ಬದಲಿಗೆ ಮುಖಪುಟಕ್ಕೆ ಇನ್ನೊಂದಿಷ್ಟು ದಪ್ಪ ಕಾಗದ ಹಾಕಿಸಿಕೊಂಡೆ. ಮುಖಪುಟದಲ್ಲಿ ನನ್ನ ಹೆಸರಿನ ಕೆಳಗೆ, ಅದೇ ಅಳತೆಯ ಅಕ್ಷರದಲ್ಲಿ, ಆಕೆಯ ಹೆಸರು.

ರಾಜ್ಯೋತ್ಸವದ ಕೂಟದಲ್ಲಿ ಪುಸ್ತಕದ ಟೇಬಲ್ಲಿಗೆ ನಾವಿಬ್ಬರೂ ಕೂತಿದ್ದೆವು. ಧಾರವಾಡದ ಹಿರಿಯಾಕೆ ಬಂದು ಪುಟ ತಿರುಗಿಸತೊಡಗಿದರು. ಲಟ್ಟಣಿಗೆಯ ರಾಜನಿಗೆ ನಕ್ಕರು, ಚಹಾದ ಹೆಂಗಸಿಗೆ ತಲೆಯಾಡಿಸಿದರು. ಹದಿಮೂರಕ್ಕೆ ಬಂದು ನಿಂತರು. ನೆಗೆಣ್ಣಿಯ ಕೈ ಟೇಬಲ್ಲಿನ ಕೆಳಗೆ ನನ್ನ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಚಿತ್ರದ ಮೇಲೆ ದಪ್ಪಕ್ಷರದಲ್ಲಿ ಸಾವು ಎಂದು ನಾನೇ ಹಾಕಿಸಿದ್ದೆ. ಅದನ್ನು ಅವರು ಸಾವಕಾಶವಾಗಿ ಓದಿದರು, ಪುಸ್ತಕವನ್ನು ಕಣ್ಣಿನ ಹತ್ತಿರ ತಂದರು.

"ಈ ಬಳಿ ಎಲ್ಲಿ ಇಡಿಸ್ಕೊಂಡ್ರೀ? ನಾಸಿಕ್‌ನ್ಯಾಗ ಈ ಹಸರು ಸಿಗಂಗಿಲ್ಲ."

ಸೆರಗು ಸಡಿಲವಾಯಿತು. ಸಂಭಾಜಿನಗರದಲ್ಲಿ ಯಾವ ಓಣಿ, ಯಾವ ಬಳೆಗಾರ, ಡಜನ್ನಿಗೆ ಎಷ್ಟು ಹೇಳುತ್ತಾನೆ, ಎಷ್ಟಕ್ಕೆ ಕೊಡುತ್ತಾನೆ ಎಂದೆಲ್ಲ ನೆಗೆಣ್ಣಿ ವಿವರಿಸತೊಡಗಿದರು. ಮಗಳ ಮದುವೆಗೆ ಬನ್ನಿ, ಜೋಡಿ ಇಡಿಸುತ್ತೇನೆ ಎಂದು ಅಲ್ಲೇ ಅಕ್ಷತೆ ಕೊಟ್ಟು ಕರೆದೂಬಿಟ್ಟರು. ಇಂಥ ಹೊತ್ತಿನಲ್ಲಿ ವ್ಯಾಪಾರಿಯಾದವಳು ನಡುವೆ ಬಾಯಿ ಹಾಕಬಾರದು. ನಾನು ಸುಮ್ಮನೆ ಎರಡು ಪ್ರತಿ ಕಾಗದದಲ್ಲಿ ಸುತ್ತಿ ಹಿರಿಯಾಕೆಯ ಚೀಲದ ಪಕ್ಕ ಇಟ್ಟೆ, ಒಂದು ಅವರಿಗೆ, ಒಂದು ಅವರ ಸೊಸೆಗೆ. ಅವರು ಬೇಡವೆನ್ನಲಿಲ್ಲ.